ಸುಳ್ಳು ಪತ್ತೆ ಯಂತ್ರ ಪೊಲೀಸರಿಗೆ ಬೇಕೇ?

ದೊಡ್ಡ ಕೊಲೆ ಪ್ರಕರಣವೊಂದು ಸುದ್ದಿಯಾದರೆ ಸಾಕು, ಎರಡು ಮೂರು ದಿನದಲ್ಲೇ ಟಿವಿಯಲ್ಲಿ 'ಆರೋಪಿಗೆ ಪಾಲಿಗ್ರಾಫ್ ಪರೀಕ್ಷೆ ಸಾಧ್ಯತೆ' ಎಂಬ ಸಾಲು ಓಡುತ್ತದೆ. ಪಾಲಿಗ್ರಾಫ್ ಅಂದರೆ, ಸುಳ್ಳು ಹೇಳುವಾಗ ಮೈಯಲ್ಲಾಗುವ ಏರುಪೇರನ್ನು ಹಿಡಿಯುತ್ತದೆ ಎನ್ನಲಾಗುವ ಯಂತ್ರ. 2022ರಲ್ಲಿ ದೆಹಲಿಯ ಮೆಹ್ರೌಲಿ ಕೊಲೆ, 2024ರಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯ ಪ್ರಕರಣ, ಎರಡರಲ್ಲೂ ಆರೋಪಿಯನ್ನು ಈ ಯಂತ್ರದ ಮುಂದೆ ಕೂರಿಸಿದ್ದರು. ಆದರೆ ಯಂತ್ರದ ವರದಿಯನ್ನು ನಮ್ಮ ಕೋರ್ಟುಗಳು ಸಾಕ್ಷ್ಯ ಎಂದು ಒಪ್ಪುವುದಿಲ್ಲ. ಹಾಗಿದ್ದ ಮೇಲೆ ತನಿಖೆಗೆ ಅದು ಬೇಕೇ? ಬೇಕು ಎನ್ನುವವರ ಮಾತು ಮೊದಲು, ಬೇಡ ಎನ್ನುವವರದ್ದು ಆಮೇಲೆ.

ಪರ: ಲಾಠಿಗಿಂತ ಯಂತ್ರ ವಾಸಿ

ಈ ಯಂತ್ರ ಯಾಕೆ ಹುಟ್ಟಿತು ಎಂಬುದನ್ನು ಮರೆತು ಅದನ್ನು ಬೈಯುವವರೇ ಜಾಸ್ತಿ. ನೂರು ವರ್ಷದ ಹಿಂದೆ ಅಮೆರಿಕದ ಠಾಣೆಗಳಲ್ಲಿ ಬಾಯಿ ಬಿಡಿಸಲು ಇದ್ದ ದಾರಿ ಹೊಡೆತ, ನಿದ್ದೆಗೆಡಿಸುವುದು, ಉಪವಾಸ ಕೆಡವುವುದು. 1931ರಲ್ಲಿ ವಿಕರ್‌ಶ್ಯಾಮ್ ಆಯೋಗ ಇದನ್ನೆಲ್ಲ ವರದಿ ಮಾಡಿ ದೇಶದ ಮುಂದಿಟ್ಟಿತು. ಆದರೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನ ಪೊಲೀಸ್ ಮುಖ್ಯಸ್ಥ ಆಗಸ್ಟ್ ವೋಲ್ಮರ್ ಅದಕ್ಕೂ ಮೊದಲೇ ಥರ್ಡ್ ಡಿಗ್ರಿಗೆ ಬೇರೆ ದಾರಿ ಹುಡುಕುತ್ತಿದ್ದ. ಓದಿದವರನ್ನು ಪೊಲೀಸ್ ಕೆಲಸಕ್ಕೆ ಸೇರಿಸಿಕೊಳ್ಳುವ ಹಟ ಅವನದು. ಹಾಗೆ ಸೇರಿದವನು ಜಾನ್ ಲಾರ್ಸನ್, ಶರೀರಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವನು.

1921ರಲ್ಲಿ ಲಾರ್ಸನ್ ಒಂದು ಯಂತ್ರ ಜೋಡಿಸಿದ. ರಕ್ತದೊತ್ತಡ ಮತ್ತು ಉಸಿರಾಟ ಎರಡನ್ನೂ ಎಡೆಬಿಡದೆ ಬರೆದುಕೊಳ್ಳುವ ಯಂತ್ರ. ಹೊಗೆಯ ಮಸಿ ಹಿಡಿಸಿದ ಕಾಗದ ಸುತ್ತುತ್ತಿರುತ್ತದೆ, ಮುಳ್ಳು ಅದರ ಮೇಲೆ ಬಿಳಿ ಗೆರೆ ಕೊರೆಯುತ್ತದೆ. ಮೊದಲ ಕೇಸು ವಿಶ್ವವಿದ್ಯಾಲಯದ ಹುಡುಗಿಯರ ಹಾಸ್ಟೆಲಿನ ಕಳ್ಳತನ. ಹುಡುಗಿಯರನ್ನು ಒಬ್ಬೊಬ್ಬರಾಗಿ ಕೂರಿಸಿ ಅವೇ ಪ್ರಶ್ನೆ ಕೇಳಿದರು. ಒಬ್ಬಳ ಗೆರೆ ಇದ್ದಕ್ಕಿದ್ದಂತೆ ಏರುಪೇರಾಯಿತು. ಆಕೆ ಸಿಟ್ಟಾಗಿ ಎದ್ದು ಹೋದಳು, ಮುಂದೆ ತಪ್ಪು ಒಪ್ಪಿಕೊಂಡಳು. ಯಾರಿಗೂ ಒಂದೇಟು ಬೀಳಲಿಲ್ಲ. (ಉಂಗುರ ಕಳೆದುಕೊಂಡಿದ್ದ ಹುಡುಗಿಯನ್ನು ಲಾರ್ಸನ್ ಆಮೇಲೆ ಮದುವೆಯೂ ಆದ. ಅದು ಬೇರೆ ಕಥೆ.)

ಯಂತ್ರ ಈಗಲೂ ಹೆಚ್ಚು ಕಡಿಮೆ ಅದೇ. ಎದೆಗೆ ಮತ್ತು ಹೊಟ್ಟೆಗೆ ಒಂದೊಂದು ಪಟ್ಟಿ, ತೋಳಿಗೆ ಬಿಪಿ ನೋಡುವ ಪಟ್ಟಿ, ಬೆರಳುಗಳಿಗೆ ಬೆವರು ಹಿಡಿಯುವ ತಂತಿ. ಕೇಳಲಿರುವ ಪ್ರಶ್ನೆಗಳನ್ನು ಮೊದಲೇ ಓದಿ ಹೇಳುತ್ತಾರೆ. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ.

'ಭಯಪಟ್ಟರೂ ಮುಳ್ಳು ಏರುತ್ತದೆ' ಎನ್ನುವವರು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಲಿಕೆನ್ 1959ರಲ್ಲಿ ತೋರಿಸಿಕೊಟ್ಟ ವಿಧಾನ ನೋಡಬೇಕು. ಅಲ್ಲಿ 'ಕದ್ದೆಯಾ?' ಎಂದು ಕೇಳುವುದೇ ಇಲ್ಲ. ಮನೆಯಲ್ಲಿ ಸರ ಕಳುವಾಗಿದೆ ಅಂತಿಟ್ಟುಕೊಳ್ಳಿ. ಸರ ಎಲ್ಲಿತ್ತು? ಬೀರುವಿನಲ್ಲಾ? ಅಕ್ಕಿ ಡಬ್ಬಿಯಲ್ಲಾ? ದೇವರ ಕೋಣೆಯಲ್ಲಾ? ಹಾಸಿಗೆ ಕೆಳಗಾ? ಹೊಲಿಗೆ ಮಷೀನಿನ ಡ್ರಾಯರಿನಲ್ಲಾ? ಗೊತ್ತಿಲ್ಲದವನಿಗೆ ಐದೂ ಒಂದೇ. ಎಷ್ಟೇ ಹೆದರಿದ್ದರೂ ಐದಕ್ಕೂ ಒಂದೇ ಥರ ಹೆದರುತ್ತಾನೆ. ಕದ್ದವನ ಮೈ ಮಾತ್ರ ಅಕ್ಕಿ ಡಬ್ಬಿ ಎಂದಾಗ ಬೇರೆ ಥರ ಆಡುತ್ತದೆ. ಇಂಥ ಆರು ಪ್ರಶ್ನೆ ಕೇಳಿದರೆ, ಏನೂ ಅರಿಯದವನ ಮುಳ್ಳು ಆರರಲ್ಲೂ ಸರಿಯುತ್ತರಕ್ಕೇ ಜಾಸ್ತಿ ಏರುವ ಸಾಧ್ಯತೆ 15,625ಕ್ಕೆ ಒಂದು. ಜಪಾನಿನ ಪೊಲೀಸರು ಇದೇ ವಿಧಾನವನ್ನು ನೆಚ್ಚಿಕೊಂಡಿದ್ದಾರೆ.

ಕೋರ್ಟು ಒಪ್ಪುವುದಿಲ್ಲ, ನಿಜ. ಆದರೆ ಪೊಲೀಸ್ ನಾಯಿ ಮೂಸಿ ಓಡಿದ್ದನ್ನೇ ನೆಚ್ಚಿಕೊಂಡು ಕೋರ್ಟು ಯಾರಿಗೂ ಶಿಕ್ಷೆ ಕೊಡುವುದಿಲ್ಲ. ಮಾಹಿತಿದಾರ ಕಿವಿಯಲ್ಲಿ ಊದಿದ್ದೂ ಅಷ್ಟೇ. ಹಾಗಂತ ನಾಯಿಯನ್ನು ಮನೆಗೆ ಕಳಿಸಿಲ್ಲವಲ್ಲ! ಹತ್ತು ಜನ ಶಂಕಿತರಲ್ಲಿ ಯಾರ ಹಿಂದೆ ಮೊದಲು ಹೋಗಬೇಕು ಎಂದು ತಿಳಿದರೆ ಅದೇ ದೊಡ್ಡ ಉಪಕಾರ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರ ವರದಿಯಲ್ಲಿ ಪಾಲಿಗ್ರಾಫ್ ಅನ್ನು ಸಾಕಷ್ಟು ಟೀಕಿಸಿತು. ಆದರೆ ನಿರ್ದಿಷ್ಟ ಘಟನೆಯೊಂದರ ಬಗ್ಗೆ ಕೇಳುವಾಗ ಅದು ಸುಳ್ಳು ಮತ್ತು ಸತ್ಯವನ್ನು ಬರೀ ಊಹೆಗಿಂತ ಎಷ್ಟೋ ಚೆನ್ನಾಗಿ ಬೇರ್ಪಡಿಸುತ್ತದೆ ಎಂದೂ ಬರೆಯಿತು. ಪರಿಪೂರ್ಣತೆಗೆ ಬಹಳ ದೂರ ಎಂಬುದನ್ನೂ ಸೇರಿಸಿತು. ಪರಿಪೂರ್ಣ ಅಂತ ನಾವೂ ಹೇಳುತ್ತಿಲ್ಲ.

ನಮ್ಮಲ್ಲಿ ಕಾವಲೂ ಬಿಗಿಯಾಗಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ಸ್ಪಷ್ಟವಾಗಿ ಹೇಳಿತು: ಪಾಲಿಗ್ರಾಫ್, ಮಂಪರು ಪರೀಕ್ಷೆ (ಮತ್ತಿನ ಔಷಧಿ ಕೊಟ್ಟು ಪ್ರಶ್ನಿಸುವುದು), ಬ್ರೈನ್ ಮ್ಯಾಪಿಂಗ್ (ಮಿದುಳಿನ ಅಲೆಗಳನ್ನು ಅಳೆಯುವುದು), ಯಾವುದನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಪಾಲಿಗ್ರಾಫ್‌ಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ನೇ ಇಸವಿಯ ಮಾರ್ಗಸೂಚಿ ಪಾಲಿಸಬೇಕು. ಅಂದರೆ ವಕೀಲರು ಜೊತೆಗಿರಬೇಕು, ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಗೆ ದಾಖಲಾಗಬೇಕು. ಒಪ್ಪಿ ಕೂತವನು ಕೊಟ್ಟ ಸುಳಿವಿನಿಂದ ಚಾಕುವೋ ಹೆಣವೋ ಸಿಕ್ಕರೆ, ಸಿಕ್ಕ ವಸ್ತು ಸಾಕ್ಷ್ಯವಾಗಬಹುದು. ಇದಕ್ಕಿಂತ ಇನ್ನೇನು ಬೇಕು? ಯಂತ್ರ ಕಿತ್ತುಕೊಂಡರೆ ಠಾಣೆಯ ಮೂಲೆಯಲ್ಲಿರುವ ಲಾಠಿಯೇ ಕೈಗೆ ಬರುವುದು. ಅದಕ್ಕೆ ಯಾವ ಮ್ಯಾಜಿಸ್ಟ್ರೇಟರೂ ಒಪ್ಪಿಗೆ ಕೇಳುವುದಿಲ್ಲ.

ವಿರೋಧ: ದಿಗಿಲಿನ ಗೆರೆಗೆ ಸುಳ್ಳಿನ ಹೆಸರು

ಲಾರ್ಸನ್ ಮದುವೆಯ ತನಕ ಕಥೆ ಹೇಳಿ ಅಲ್ಲಿಗೇ ಬಿಟ್ಟರು. ಮುಂದಿನದೇ ಮುಖ್ಯ. ತನ್ನ ಯಂತ್ರವನ್ನು ಪೊಲೀಸರು ಹೆದರಿಸಿ ಒಪ್ಪಿಸಲು ಬಳಸುವುದನ್ನು ಕಂಡು ಲಾರ್ಸನ್ ಬೇಸತ್ತ. ಕೊನೆಗೆ ಅದರ ವಿರುದ್ಧವೇ ಮಾತಾಡಿದ. ಯಂತ್ರವನ್ನು ಪೆಟ್ಟಿಗೆಯಲ್ಲಿ ಹೊತ್ತೊಯ್ಯುವ ಹಾಗೆ ಮಾಡಿ, 1931ರಲ್ಲಿ ಪೇಟೆಂಟ್ ಪಡೆದು, ಬ್ಯಾಂಕು ಅಂಗಡಿಗಳ ನೌಕರರ ತನಕ ಒಯ್ದವನು ಅವನ ಶಿಷ್ಯ ಲಿಯೊನಾರ್ಡ್ ಕೀಲರ್. ಅವನ ನೆಚ್ಚಿನ ಆಟ ಇಸ್ಪೀಟು. 'ಒಂದು ಎಲೆ ತೆಗಿ, ಯಾವುದು ಕೇಳಿದರೂ ಇಲ್ಲ ಅನ್ನು' ಎನ್ನುವುದು, ಆಮೇಲೆ ಗೆರೆ ನೋಡಿ ಎಲೆ ಯಾವುದೆಂದು ಹೇಳಿಬಿಡುವುದು. ಎದುರಿಗೆ ಕೂತವನಿಗೆ ಯಂತ್ರದ ಮೇಲೆ ನಂಬಿಕೆ ಹುಟ್ಟಬೇಕು, ಅದಕ್ಕೆ ಈ ಆಟ. ನಂಬದಿದ್ದರೆ ಯಂತ್ರ ಕೆಲಸ ಮಾಡುವುದಿಲ್ಲ!

ಹಿಂದೆ ನಮ್ಮಲ್ಲಿ ಕಳ್ಳತನವಾದರೆ ಒಣ ಅಕ್ಕಿ ಅಗಿದು ಉಗುಳಲು ಹೇಳುತ್ತಿದ್ದರು. ಹೆದರಿದವನ ಬಾಯಿ ಒಣಗಿರುತ್ತದೆ, ಅಕ್ಕಿ ಒಣಗಿಯೇ ಬರುತ್ತದೆ. ಧರ್ಮಸ್ಥಳದ ಆಣೆಯ ಬಲವೂ ಇದೇ. 2011ರ ಜೂನ್‌ನಲ್ಲಿ ಯಡಿಯೂರಪ್ಪ ಮತ್ತು ಕುಮಾರಸ್ವಾಮಿ 'ಮಂಜುನಾಥನ ಮುಂದೆ ಆಣೆ ಮಾಡು' ಎಂಬ ಸವಾಲಿನ ಮೇಲೆ ಅಲ್ಲಿಗೆ ಹೋದರು. ಇಬ್ಬರೂ ಕೈ ಮುಗಿದು, ಆಣೆ ಮಾಡದೆ ವಾಪಸ್ ಬಂದರು. ಈಗ ಅದೇ ಜಾಗದಲ್ಲಿ 'ಮಂಪರು ಪರೀಕ್ಷೆಗೂ ನಾನು ಸಿದ್ಧ' ಎನ್ನುವ ಮಾತು ಬಂದು ಕೂತಿದೆ. ಆಣೆಯನ್ನು ಯಾರೂ ವಿಜ್ಞಾನ ಅನ್ನುವುದಿಲ್ಲ, ಅಷ್ಟೇ ವ್ಯತ್ಯಾಸ.

ಕೋರ್ಟುಗಳು ಇದನ್ನು ಶುರುವಿನಲ್ಲೇ ಕಂಡಿದ್ದವು. 1923ರಲ್ಲಿ ವಾಷಿಂಗ್ಟನ್ನಿನ ಫ್ರೈ ಪ್ರಕರಣದಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್ ರಕ್ತದೊತ್ತಡ ನೋಡಿ ಆರೋಪಿ ನಿಜ ಹೇಳುತ್ತಿದ್ದಾನೆ ಎಂದ. ಆ ವಿದ್ಯೆಯನ್ನು ವಿಜ್ಞಾನಿಗಳೇ ಇನ್ನೂ ಒಪ್ಪಿಲ್ಲ ಎಂದು ಕೋರ್ಟು ಪಕ್ಕಕ್ಕಿಟ್ಟಿತು. ಇದೇ ಮಾರ್ಸ್ಟನ್ 1938ರಲ್ಲಿ ಜಿಲೆಟ್ ಬ್ಲೇಡಿನ ಜಾಹೀರಾತಿಗೂ ತನ್ನ ಯಂತ್ರ ಹಿಡಿದು ನಿಂತ. 1941ರಲ್ಲಿ ವಂಡರ್ ವುಮನ್ ಪಾತ್ರ ಸೃಷ್ಟಿಸಿದವನೂ ಅವನೇ. ಅವಳ ಹಗ್ಗದಲ್ಲಿ ಸಿಕ್ಕವರು ಸುಳ್ಳು ಹೇಳಲಾರರು. ಕಾಮಿಕ್ಸಿನಲ್ಲಾದರೆ ಸರಿ.

ಲಿಕೆನ್ ವಿಧಾನ ಒಳ್ಳೆಯದೇ, ತಕರಾರಿಲ್ಲ. ಆದರೆ ನಮ್ಮಲ್ಲಿ ಅದು ನಡೆಯುತ್ತದಾ? ಸರ ಅಕ್ಕಿ ಡಬ್ಬಿಯಲ್ಲಿತ್ತು ಎಂದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಿರುತ್ತದೆ. ಟಿವಿಯವರು ಡಬ್ಬಿಯನ್ನೇ ತೋರಿಸಿರುತ್ತಾರೆ. ಅದಕ್ಕೂ ಮೊದಲು ಠಾಣೆಯಲ್ಲಿ 'ಅಕ್ಕಿ ಡಬ್ಬಿಗೆ ಕೈ ಹಾಕಿದ್ದು ನೀನೇ ಅಲ್ವೇನೋ' ಎಂದು ಹತ್ತು ಸಲ ಕೇಳಿರುತ್ತಾರೆ. ಆಮೇಲೆ ಅವನ ಮೈ ಅಕ್ಕಿ ಡಬ್ಬಿ ಎಂದಾಗ ನಡುಗದೆ ಇನ್ಯಾವಾಗ ನಡುಗಬೇಕು?

ಹಾಗಾಗಿ ಜಾಸ್ತಿ ಬಳಕೆಯಲ್ಲಿರುವುದು ಇನ್ನೊಂದು ವಿಧಾನ, ಹೋಲಿಕೆ ಪ್ರಶ್ನೆಯದು. 'ಕೊಲೆ ಮಾಡಿದೆಯಾ?' ಎಂಬುದರ ಪಕ್ಕದಲ್ಲಿ 'ನಿನ್ನನ್ನು ನಂಬಿದವರಿಗೆ ಯಾವತ್ತಾದರೂ ಮೋಸ ಮಾಡಿದ್ದೀಯಾ?' ಎಂಬಂಥದ್ದು ಇರುತ್ತದೆ. ಇದಕ್ಕೆ ಎಲ್ಲರೂ ಇಲ್ಲ ಅನ್ನುತ್ತಾರೆ, ಎಲ್ಲರೂ ಒಳಗೊಳಗೆ ಅಳುಕುತ್ತಾರೆ ಎಂಬುದು ಲೆಕ್ಕ. ನಿರಪರಾಧಿಯಾದರೆ ಮೋಸದ ಪ್ರಶ್ನೆಗೆ ಜಾಸ್ತಿ ಅಳುಕಬೇಕು, ಅಪರಾಧಿಯಾದರೆ ಕೊಲೆಯ ಪ್ರಶ್ನೆಗೆ. ಈಗ ಮಾಡದ ಕೊಲೆಗೆ ಜೀವಾವಧಿ ಶಿಕ್ಷೆಯ ಭಯದಲ್ಲಿ ಕೂತವನನ್ನು ನೆನೆಯಿರಿ. ಅವನಿಗೆ ಯಾವ ಪ್ರಶ್ನೆ ದೊಡ್ಡದು? ಮನಸ್ಸು ಶುದ್ಧವಾಗಿದ್ದು 'ಹೌದು ಸ್ವಾಮಿ, ತಮ್ಮನಿಗೆ ಮೋಸ ಮಾಡಿದ್ದೆ' ಎಂದು ಮೊದಲೇ ಹೇಳಿಕೊಂಡವನಿಗೆ ಇನ್ನೂ ಕಷ್ಟ. ಆ ಪ್ರಶ್ನೆಗೆ ಅಳುಕು ಉಳಿಯುವುದೇ ಇಲ್ಲ.

1978ರಲ್ಲಿ ಒಹಾಯೊದಲ್ಲಿ ಒಬ್ಬ ಯುವಕನಿಗೆ ಇದೇ ಆಯಿತು. ಪರೀಕ್ಷೆಯಲ್ಲಿ ಪಾಸಾದರೆ ಕೊಲೆ ಆರೋಪ ಕೈಬಿಡುತ್ತೇವೆ, ಫೇಲಾದರೆ ಅದೇ ಸಾಕ್ಷ್ಯ ಎಂದು ಸರ್ಕಾರಿ ವಕೀಲರು ಹೇಳಿದರು. ತಾನು ಮಾಡಿಲ್ಲವಲ್ಲ ಎಂದು ಅವನು ಧೈರ್ಯವಾಗಿ ಒಪ್ಪಿದ. ಫೇಲಾದ. ಜೀವಾವಧಿ ಶಿಕ್ಷೆಯಾಯಿತು. ನಿಜವಾದ ಕೊಲೆಗಾರರು ಸಿಕ್ಕಿದ ಮೇಲೆ, 1980ರಲ್ಲಿ, ಅವನು ಹೊರಬಂದ. ಜೈಲಿನಲ್ಲಿ ಅವನು ಸುಮ್ನೆ ಕೂತಿರಲಿಲ್ಲ. ಯಂತ್ರದ ಬಗ್ಗೆ ಓದಿಕೊಂಡು, ಪರೀಕ್ಷೆಗೆ ಹೊರಟ 27 ಕೈದಿಗಳಿಗೆ ಇಪ್ಪತ್ತು ನಿಮಿಷದ ಪಾಠ ಹೇಳಿದ. ತಪ್ಪು ಮಾಡಿದ್ದೇವೆ ಎಂದು ಅವನ ಬಳಿ ಒಪ್ಪಿಕೊಂಡಿದ್ದವರು ಅವರೆಲ್ಲ. 23 ಜನ ಪಾಸಾದರು.

ಪರದವರು ಹೆಸರಿಸಿದ 2003ರ ವರದಿಯಲ್ಲೇ ಒಂದು ಲೆಕ್ಕವಿದೆ. 10,000 ನೌಕರರಲ್ಲಿ 10 ಗೂಢಚಾರರಿದ್ದಾರೆ, ಅವರಲ್ಲಿ 8 ಜನರನ್ನಾದರೂ ಹಿಡಿಯುವಂತೆ ಪರೀಕ್ಷೆ ಮಾಡಿದಿರಿ ಎಂದುಕೊಳ್ಳಿ. ಫೇಲಾಗುವವರು 1,606 ಜನ. ಅಂದರೆ 1,598 ಅಮಾಯಕರು. ಇಬ್ಬರು ಗೂಢಚಾರರು ಆರಾಮಾಗಿ ಮನೆಗೆ ಹೋಗುತ್ತಾರೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಆಲ್ಡ್ರಿಚ್ ಏಮ್ಸ್ ಸೋವಿಯತ್ತಿಗೆ ರಹಸ್ಯ ಮಾರುತ್ತಲೇ 1986 ಮತ್ತು 1991ರಲ್ಲಿ ಪಾಲಿಗ್ರಾಫ್ ದಾಟಿದ್ದ. 1988ರಲ್ಲೇ ಅಮೆರಿಕ ಬಹುಪಾಲು ಖಾಸಗಿ ಕಂಪನಿಗಳು ನೌಕರರನ್ನು ಹೀಗೆ ಪರೀಕ್ಷಿಸದಂತೆ ಕಾನೂನು ತಂದಿತ್ತು.

ಇನ್ನು ಒಪ್ಪಿಗೆಯ ಮಾತು. ಕಸ್ಟಡಿಯಲ್ಲಿ ವಾರ ಕಳೆದವನು ಮ್ಯಾಜಿಸ್ಟ್ರೇಟರ ಮುಂದೆ 'ಒಪ್ಪಿದ್ದೇನೆ' ಎಂದರೆ ಅದು ಎಂಥ ಒಪ್ಪಿಗೆ? ವಾಪಸ್ ಹೋಗಬೇಕಾಗಿರುವುದು ಅದೇ ಪೊಲೀಸರ ಜೊತೆ. 'ಬೇಡ' ಎಂದರೆ ಮರುದಿನ 'ಪರೀಕ್ಷೆಗೆ ಆರೋಪಿ ನಕಾರ' ಎಂಬ ಸುದ್ದಿ, ಓದಿದವರೆಲ್ಲ 'ಇವನೇ ಬಿಡು' ಅನ್ನುತ್ತಾರೆ. ಸೆಲ್ವಿ ಪ್ರಕರಣವೂ ಶುರುವಾಗಿದ್ದು ನಮ್ಮ ಕೋರಮಂಗಲ ಠಾಣೆಯ ಕೇಸಿನಿಂದ. ಒಪ್ಪಿಗೆ ಇಲ್ಲದೆಯೂ ಇಂಥ ಪರೀಕ್ಷೆ ಮಾಡಬಹುದು ಎಂದು ಹೈಕೋರ್ಟ್ 2004ರಲ್ಲಿ ಹೇಳಿತ್ತು. ಅದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ಅಷ್ಟರಲ್ಲಿ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಇಡೀ ದೇಶದ ಆರೋಪಿಗಳು ಬರುವ ಜಾಗವಾಗಿತ್ತು.

ಪೊಲೀಸ್ ನಾಯಿಯ ಜೊತೆ ಹೋಲಿಸಿದರು. ನಾಯಿ ತಪ್ಪು ದಾರಿ ಹಿಡಿದರೆ ಪೊಲೀಸರು ಮತ್ತೆ ಹುಡುಕುತ್ತಾರೆ. ಯಂತ್ರ 'ಇವನಲ್ಲ' ಎಂದರೆ ಹುಡುಕಾಟ ಬೇರೆ ಕಡೆ ತಿರುಗುತ್ತದೆ, ದೊಡ್ಡ ಅಪಾಯ ಅಲ್ಲಿರುವುದು. ಅಮೆರಿಕದ ಸಿಯಾಟಲ್ ಕಡೆಯ ಗ್ರೀನ್ ರಿವರ್ ಸರಣಿ ಕೊಲೆಗಳ ತನಿಖೆಯಲ್ಲಿ ಶಂಕಿತ ಗ್ಯಾರಿ ರಿಡ್ಜ್‌ವೇ 1984ರಲ್ಲಿ ಪಾಲಿಗ್ರಾಫ್ ಪಾಸಾದ. 1987ರಲ್ಲಿ ಪೊಲೀಸರು ಅವನ ಎಂಜಲಿನ ಮಾದರಿ ತೆಗೆದಿಟ್ಟರು. ಡಿಎನ್‌ಎ ವಿದ್ಯೆ ಬೆಳೆದ ಮೇಲೆ 2001ರಲ್ಲಿ ಅದೇ ಎಂಜಲು ಅವನನ್ನು ಹಿಡಿದುಕೊಟ್ಟಿತು. 2003ರಲ್ಲಿ ಅವನು 48 ಕೊಲೆ ಒಪ್ಪಿಕೊಂಡ. ಅವುಗಳಲ್ಲಿ ಕೊನೆಯದು ನಡೆದದ್ದು 1998ರಲ್ಲಿ, ಪಾಲಿಗ್ರಾಫ್ ಪಾಸಾಗಿ ಹದಿನಾಲ್ಕು ವರ್ಷವಾದ ಮೇಲೆ.