ಮೊದಲಿನ ಹಾಗೇ, ಸ್ವಲ್ಪ ಬೇರೆ

ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಭಟ್ಟರು ನುಡಿಸಲು ಕೂತರೆ ಎದುರಿಗಿದ್ದವರು ಕಾಫಿ ಕುಡಿಯುವುದನ್ನೂ ಮರೆಯುತ್ತಾರೆ. ಅದೇ ಕೈ ಪೆನ್ನು ಹಿಡಿದು ಕಾರ್ಡ್ಸ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳ ಹೆಸರು, ಬರೆಯಲು ಹೊರಟಿತೋ, ಗಿಟಾರ್ ಹಿಡಿದ ನನ್ನ ಗತಿ ದೇವರಿಗೇ ಪ್ರೀತಿ.

ಹೋದ ತಿಂಗಳು ತೀರ್ಥಹಳ್ಳಿ ಕಡೆ ಕಾರ್ಯಕ್ರಮ. ಹೊಸ ಹಾಡಿನ ಕಾರ್ಡ್ಸ್ ಕೊಡಿ ಎಂದು ವಾರವಿಡೀ ಪೀಡಿಸಿದ್ದಕ್ಕೆ, ಸ್ಟೇಜ್ ಹತ್ತುವಾಗ ಹಳೇ ಲಗ್ನಪತ್ರಿಕೆಯೊಂದರ ಹಿಂಬದಿಗೆ ಗೀಚಿ ಕೊಟ್ಟರು. ಪಲ್ಲವಿಗೆ ಜಿ, ಇ ಮೈನರ್, ಸಿ, ಡಿ. ಒಂದೊಂದು ಎಷ್ಟು ಬಾರ್, ಅಂದರೆ ತಾಳದ ಎಷ್ಟು ಸುತ್ತು? ಗೆರೆಯೇ ಇಲ್ಲ. ಪಲ್ಲವಿ, ಚರಣಗಳ ನಡುವಿನ ವಾದ್ಯಸಂಗೀತ ಬಿಜಿಎಮ್ಮಿಗೆ ‘ಮೊದಲಿನ ಹಾಗೆ’. ಚರಣಕ್ಕೆ ‘ಮೊದಲಿನ ಹಾಗೇ, ಸ್ವಲ್ಪ ಬೇರೆ’. ಎರಡನೇ ಚರಣಕ್ಕೆ ಬರೀ ಒಂದು ಬಾಣ. ಅದು ಅಂಚು ದಾಟಿ ಆಚೆ ಬದಿಗೆ ಹೋಗಿ ವಧುವಿನ ಸೋದರಮಾವನ ಹೆಸರಿಗೆ ನಾಟಿತ್ತು.

“ಭಟ್ರೇ, ಮೊದಲಿನ ಹಾಗೆ ಅಂದ್ರೆ ಯಾವ ಮೊದಲು? ಪಲ್ಲವಿಯಾ, ಬಿಜಿಎಮ್ಮಾ?”

“ಎಂತ ಮಾರಾಯ, ಕಿವಿಗೇ ಗೊತ್ತಾಗತ್ತಲ್ಲ!”

“ಸ್ವಲ್ಪ ಬೇರೆ ಅಂದ್ರೆ?”

“ಅದು ನಂಗೂ ಅಲ್ಲಿಗೆ ಹೋದ ಮೇಲೇ ಗೊತ್ತಾಗೋದು.”

ಚರಣದಲ್ಲಿ ಅವರು ಎ ಮೈನರ್‌ಗೆ ಹೋದರು, ನಾನು ಸಿಯಲ್ಲೇ ಇದ್ದೆ. ಎರಡು ಸ್ವರ ಎರಡರಲ್ಲೂ ಇರುವುದರಿಂದ ಯಾರಿಗೂ ತಿಳಿಯಲಿಲ್ಲ. ಎರಡನೇ ಚರಣದಲ್ಲಿ ಅವರು ಡಿ, ನಾನು ಸಿ. ಇವಕ್ಕೆ ಒಂದೇ ಒಂದು ಸ್ವರದ ನೆಂಟಸ್ತಿಕೆಯೂ ಇಲ್ಲ. ಮುಂದಿನ ಸಾಲಿನ ಅಜ್ಜಯ್ಯ ಕಿವಿಯ ಮಿಷನ್ನು ತೆಗೆದು ಊದಿ ನೋಡಿದರು. ಭಟ್ಟರು ನನ್ನ ಕಡೆ ತಿರುಗಿ, ‘ಸ್ವಲ್ಪ ಬೇರೆ ಅಂದಿದ್ನಲ್ಲ’ ಎಂಬಂತೆ ಹುಬ್ಬು ಹಾರಿಸಿದರು.

ನಾನು ಕೇಳುವುದು ದೊಡ್ಡದೇನಲ್ಲ. ಮೇಲೆ ಶ್ರುತಿ, ತಾಳ. ಸಾಲಿಗೆ ನಾಲ್ಕು ಬಾರ್, ನಡುವೆ ಗೆರೆ. ಕತ್ತಲ ಸ್ಟೇಜಿನಲ್ಲಿ ನಿಂತಲ್ಲಿಗೆ ಕಾಣುವ ದಪ್ಪ ಅಕ್ಷರ. ಹಾಡಿನ ಮಧ್ಯೆ ಹಾಳೆ ಮಗುಚುವಂತಿರಬಾರದು, ಗಿಟಾರಿಗೆ ಎರಡೂ ಕೈ ಬೇಕು. ಸಾಹಿತ್ಯದ ಮೇಲೆ ಕಾರ್ಡ್ ಕೂರಿಸಿ ವಾಟ್ಸಾಪ್ ಮಾಡುವ ನಮ್ಮ ಗಾಯಕಿಯ ಉಪಾಯವೂ ನಡೆಯಲಿಲ್ಲ. ಅವರ ಫೋನಿನಲ್ಲಿ ‘ಮಳೆ’ಯ ಮೇಲಿದ್ದ ಸಿ, ನನ್ನ ಫೋನಿಗೆ ಬರುವಷ್ಟರಲ್ಲಿ ಮುಂದಿನ ಸಾಲಿಗೆ ಉರುಳಿರುತ್ತದೆ.

ಅಮೆರಿಕದ ನ್ಯಾಶ್‌ವಿಲ್ ಸ್ಟುಡಿಯೋಗಳವರು 1950ರ ದಶಕದ ಕೊನೆಯಲ್ಲೇ ಕಾರ್ಡಿನ ಹೆಸರು ಬಿಟ್ಟು ಅಂಕಿ ಬರೆಯತೊಡಗಿದರು. ಷಡ್ಜದ್ದು 1, ಮಧ್ಯಮದ್ದು 4, ಪಂಚಮದ್ದು 5. ಶ್ರುತಿ ಬದಲಾದರೂ ಹಾಳೆ ಅದೇ. ಇದನ್ನು ಭಟ್ಟರಿಗೆ ವಿವರಿಸಿದೆ. ಅವರಿಗೆ ಅಂಕಿ ಎಂದರೆ ಕಟ್ಟೆ, ಶ್ರುತಿಯ ಎತ್ತರದ ಅಳತೆ.

“ನಾಲ್ಕು ಅಂದ್ರೆ ನಾಲ್ಕು ಕಟ್ಟೆಯಾ? ಆ ಶ್ರುತಿ ನಮ್ಮ ಹಾಡುವವರಿಗೆ ಆಗೋದಿಲ್ಲ ಮಾರಾಯ.”

ಚಿಕ್ಕವನಿದ್ದಾಗ ಶಿವಮೊಗ್ಗದ ಗಣಪತಿ ಪೆಂಡಾಲಿನಲ್ಲಿ ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ನೋಡುತ್ತಿದ್ದೆ. ಎದುರಿಗೆ ಹಾಳೆಯಿಲ್ಲ, ಕವಳದ ಡಬ್ಬಿ ಮಾತ್ರ. ಹಾಡುವವರು ಉಸಿರು ಎಳೆದುಕೊಂಡರೆ ಸಾಕು, ಅವರ ಬೆರಳು ಸಿದ್ಧ. ನಾವು ಐವರೂ ಈಗ ಐದು ಕಡೆ ಇಣುಕುತ್ತಿರುತ್ತೇವೆ, ಹಾಡುವವರ ಮುಖ ಯಾರೂ ನೋಡುವುದಿಲ್ಲ.

ಕೊನೆಗೆ ನಾನೇ ಕೂತು ಜಿ ಶ್ರುತಿಗೆ ಚಂದದ ಚಾರ್ಟ್ ಟೈಪ್ ಮಾಡಿದೆ. ಮಲೆನಾಡಿನ ಥಂಡಿಗೆ ಕಾಗದ ಹಪ್ಪಳದ ಹಿಟ್ಟಾಗುತ್ತದೆಂದು ಲ್ಯಾಮಿನೇಷನ್ನೂ ಆಯಿತು. ನಿನ್ನೆ ಸ್ಟೇಜಿನಲ್ಲಿ ಎಲ್ಲರಿಗೂ ಹಂಚಿದೆ. ಭಟ್ಟರು ಹೊಗಳಿದರು ಕೂಡ.

“ಗಂಟಲು ಕೂತಿದೆ, ಅರ್ಧ ಕಟ್ಟೆ ಇಳಿಸ್ತೀರಾ?” ಎಂದರು ಗಾಯಕಿ.

ಭಟ್ಟರು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒಮ್ಮೆ ಒತ್ತಿ ನಿರಾಳವಾಗಿ ಕೂತರು. ಗಿಟಾರಿನ ಕತ್ತಿಗೆ ಹಾಕುವ ಕ್ಲಿಪ್ಪು ಕೇಪೋ ಶ್ರುತಿಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಎರಡನೇ ಮನೆಗೆ ಕೇಪೋ ಹಾಕಿ ಇ ಕಾರ್ಡಿನಿಂದ ಶುರು ಮಾಡಬಹುದು, ಆದರೆ ಹಾಳೆ ತುಂಬ ಇರುವುದು ಜಿಯ ಲೆಕ್ಕ. ತಿದ್ದೋಣವೆಂದರೆ ಲ್ಯಾಮಿನೇಷನ್ ಮೇಲೆ ಪೆನ್ನು ಹಿಡಿಯುತ್ತಿಲ್ಲ. ಅಷ್ಟರಲ್ಲಿ ರಿದಂ ಪ್ಯಾಡಿನ ಹುಡುಗ ಒನ್, ಟೂ, ಥ್ರೀ ಎಂದುಬಿಟ್ಟ.