ದೊಡ್ಡ ಡಾಕ್ಟರು ಯಾವಾಗ ಬರ್ತಾರೆ?

ನನ್ನ ಕೋಣೆಗೆ ಬರುವವರು ಮೊದಲು ನನ್ನನ್ನು ನೋಡುವುದಿಲ್ಲ. ನನ್ನ ಹಿಂದೆ ನೋಡುತ್ತಾರೆ. ಅಲ್ಲಿರುವುದು ಗೋಡೆ. ಗೋಡೆಯನ್ನು ಮಾತಾಡಿಸಲಾಗದೆ ಕೊನೆಗೆ ನನ್ನ ಕಡೆ ತಿರುಗುತ್ತಾರೆ.

"ಪುಟ್ಟಾ, ಡಾಕ್ಟರು ಯಾವಾಗ ಬರ್ತಾರೆ?"

"ನಾನೇ ಡಾಕ್ಟರು."

"ಅದು ಸರಿ. ದೊಡ್ಡ ಡಾಕ್ಟರು?"

ನನಗೀಗ 31 ವರ್ಷ. ಶಾಲೆ ಬಿಟ್ಟ ಮೇಲೆ ಹತ್ತು ವರ್ಷಕ್ಕಿಂತ ಜಾಸ್ತಿ ಓದಿದ್ದೇನೆ. ರಾತ್ರಿಪಾಳಿಗಳಿಗೆ ಲೆಕ್ಕವೇ ಇಲ್ಲ. ಈ ಸಂಗತಿಯನ್ನು ಯಾರೂ ನನ್ನ ಮುಖಕ್ಕೆ ತಿಳಿಸಿಲ್ಲ ಅಂತ ಕಾಣುತ್ತದೆ. ಅದು ಇನ್ನೂ ಹತ್ತನೇ ತರಗತಿಯ ಫಲಿತಾಂಶಕ್ಕೆ ಕಾಯುತ್ತಾ ಕೂತಿದೆ. ಅನುಮಾನ ಬೇಡವೆಂದು ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದೆ. ಒಬ್ಬ ಅಜ್ಜಿ ಅದನ್ನು ದಿಟ್ಟಿಸಿ ನೋಡಿ ಕೇಳಿದರು: "ನಿಮ್ಮಪ್ಪನದಾ?"

ಕುತ್ತಿಗೆಯಲ್ಲಿ ಸ್ಟೆತಾಸ್ಕೋಪ್ ಇದ್ದರೂ ನಾನು ಕೆಲವರಿಗೆ ಸಿಸ್ಟರ್, ಕೆಲವರಿಗೆ ಟ್ರೈನಿಂಗ್ ಹುಡುಗಿ. ನನ್ನ ಕೈಕೆಳಗೆ ಕಲಿಯುತ್ತಿರುವ ವಿದ್ಯಾರ್ಥಿಯೊಬ್ಬನಿದ್ದಾನೆ. ಪೊಗದಸ್ತಾಗಿ ಗಡ್ಡ ಬಿಟ್ಟಿದ್ದಾನೆ. ರೋಗಿಗಳು ಅವನಿಗೆ ನಮಸ್ಕಾರ ಹಾಕಿ, ಕಾಯಿಲೆಯ ವಿವರವನ್ನೆಲ್ಲ ಅವನಿಗೇ ಹೇಳುತ್ತಾರೆ. ಅವನು ಪಾಪ ಬೆವರುತ್ತಾನೆ. ಈ ಊದಿದ ಕಾಲು ಯಾವ ಕಾಯಿಲೆಯದು ಅಂತ ಅವನೇ ನನ್ನನ್ನು ಕೇಳಬೇಕೆಂದಿದ್ದ.

ಮೊನ್ನೆ ಬಂದ ಒಬ್ಬ ಹಿರಿಯರ ಮಾತು ಇನ್ನೂ ಸ್ಪಷ್ಟವಾಗಿತ್ತು. "ತಪ್ಪು ತಿಳ್ಕೋಬೇಡಮ್ಮಾ, ಚಿಕ್ಕ ಹುಡುಗರ ಕೈಗೆ ನನ್ನ ದೇಹ ಕೊಡಲ್ಲ." ಹಾಗೆ ಹೇಳಿದವರ ಚೀಲದಲ್ಲಿ ಸಕ್ಕರೆ ಕಾಯಿಲೆಯ ಇನ್ಸುಲಿನ್ ಇತ್ತು. ದಿನಕ್ಕೆರಡು ಸಲ ಚುಚ್ಚಿಕೊಳ್ಳುತ್ತಾರೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಅದನ್ನು ಕಂಡುಹಿಡಿಯಲು ಬೆನ್ನು ಹತ್ತಿದಾಗ ಡಾಕ್ಟರ್ ಫ್ರೆಡರಿಕ್ ಬ್ಯಾಂಟಿಂಗ್‌ಗೆ 29 ವರ್ಷ. ಜೊತೆಗಿದ್ದ ಚಾರ್ಲ್ಸ್ ಬೆಸ್ಟ್‌ಗೆ 22. ಬೆಸ್ಟ್ ಆಗಿನ್ನೂ ಡಾಕ್ಟರೂ ಆಗಿರಲಿಲ್ಲ, ವಿದ್ಯಾರ್ಥಿ. ಮುಂದಿನ ಜನವರಿಯಲ್ಲಿ ಆ ಔಷಧಿ ಚುಚ್ಚಿಸಿಕೊಂಡ ಮೊದಲ ರೋಗಿ 14 ವರ್ಷದ ಹುಡುಗ. ಪುಣ್ಯಕ್ಕೆ ಅವನ ಕಡೆಯವರು ದೊಡ್ಡ ಡಾಕ್ಟರು ಬರಲಿ ಅಂತ ಕಾಯುತ್ತಾ ಕೂರಲಿಲ್ಲ. ಇದನ್ನೆಲ್ಲ ಹಿರಿಯರಿಗೆ ಹೇಳಿದೆ. "ಪಾಠ ಚೆನ್ನಾಗಿ ಬಾಯಿಪಾಠ ಮಾಡಿದೀಯಾ" ಎಂದು ಬೆನ್ನು ತಟ್ಟಿದರು.

ಅಂಕಿ ಅಂಶವನ್ನೂ ಹುಡುಕಿದೆ. 2017ರಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಆಸ್ಪತ್ರೆಗೆ ಸೇರಿದ 65 ದಾಟಿದ ರೋಗಿಗಳಲ್ಲಿ 30 ದಿನದೊಳಗೆ ಎಷ್ಟು ಮಂದಿ ತೀರಿಕೊಂಡರು ಅನ್ನುವ ಲೆಕ್ಕ. 40ರೊಳಗಿನ ಡಾಕ್ಟರುಗಳ ಕೈಯಲ್ಲಿ ಶೇ. 10.8. 60 ದಾಟಿದವರ ಕೈಯಲ್ಲಿ ಶೇ. 12.1. ತುಂಬಾ ರೋಗಿಗಳನ್ನು ನೋಡುವ ಹಿರಿಯರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೂ ಖುಷಿಯಾಯಿತು. ಆಮೇಲೆ ಯೋಚಿಸಿದೆ, ಇದನ್ನು ರೋಗಿಗೆ ಹೇಳುವುದು ಹೇಗೆ? "ಹೆದರಬೇಡಿ, ನನ್ನಂಥವರ ಕೈಯಲ್ಲಿ ಸ್ವಲ್ಪ ಕಡಿಮೆ ಜನ ಸಾಯ್ತಾರೆ" ಅನ್ನಲಾಗುತ್ತದಾ? ಆ ಲೆಕ್ಕದ ಹಾಳೆ ಮಡಚಿ ಡ್ರಾಯರಿಗೆ ಹಾಕಿದೆ.

ನೆಂಟರದ್ದು ಬೇರೆಯೇ ಸಮಾಧಾನ. "ಚಿಕ್ಕವಳ ಥರ ಕಾಣೋದು ಒಳ್ಳೇದೇ ಅಲ್ವಾ? ಐವತ್ತಾದಾಗ ಖುಷಿಪಡ್ತೀಯ." ಅಂದರೆ ಐವತ್ತಕ್ಕೆ ನಾನು ಮೂವತ್ತರ ಹಾಗೆ ಕಾಣುತ್ತೇನೆ. ಆಗಲೂ ದೊಡ್ಡ ಡಾಕ್ಟರು ಬಂದಿರುವುದಿಲ್ಲ.

ದಪ್ಪ ಕಟ್ಟಿನ ಕನ್ನಡಕ ಹಾಕಿದೆ. "ಇಷ್ಟು ಚಿಕ್ಕ ವಯಸ್ಸಿಗೇ ಕಣ್ಣು ಹೋಯ್ತಾ" ಅಂತ ಮರುಗಿದರು. ಸೀರೆ ಉಟ್ಟೆ. ಸ್ಕೂಲ್ ಡೇನಾ ಅಂದರು.

ಕೊನೆಗೆ ಕೆಲಸಕ್ಕೆ ಬಂದದ್ದು ಸಿಡುಕು. ನಾನು ರೋಗಿಗಳನ್ನು ಕೂರಿಸಿ, ಕಾಯಿಲೆ ಏನು, ಯಾವ ಮಾತ್ರೆ ಯಾಕೆ ಅಂತ ಬಿಡಿಸಿ ಹೇಳುತ್ತಿದ್ದೆ. ಅವರಿಗೆ ಅದೇ ಅನುಮಾನ. ಇಷ್ಟೊಂದು ಹೇಳ್ತಾಳೆ ಅಂದರೆ ಗೊತ್ತಿಲ್ಲ ಅಂತಲೇ ಅರ್ಥ. ಒಂದು ದಿನ ತಲೆನೋವು, ಸುಮ್ನೆ ರೇಗಿಬಿಟ್ಟೆ. "ಮಾತ್ರೆ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ? ಏಳಿ!" ಆ ವ್ಯಕ್ತಿ ತಟ್ಟನೆ ಎದ್ದು ನಿಂತು, ಮೊದಲ ಸಲ ನನ್ನನ್ನು "ಮೇಡಂ" ಅಂದರು. ಹೊರಗೆ ಹೋಗಿ ಸಾಲಿನಲ್ಲಿದ್ದವರಿಗೂ ಹೇಳಿದರಂತೆ, "ಚಿಕ್ಕವರು ಅನ್ಕೋಬೇಡಿ, ಚೆನ್ನಾಗಿ ಬೈತಾರೆ." ಆವತ್ತು ಯಾರೂ ನನ್ನ ವಯಸ್ಸು ಕೇಳಲಿಲ್ಲ. ದಿನಾ ಬೈಯೋಣ ಅಂದರೆ ಗಂಟಲು ಬಿದ್ದುಹೋಗುತ್ತದೆ. ವೈದ್ಯಕೀಯದಲ್ಲಿ ಇದಕ್ಕೆ ಪ್ರತ್ಯೇಕ ತರಬೇತಿ ಇಲ್ಲ.

ಈಗ ನನ್ನ ಮಾನ ಕಾಯುತ್ತಿರುವವರು ನಮ್ಮ ಅಟೆಂಡರ್. ಐವತ್ತೆಂಟು ವರ್ಷ, ಹತ್ತಿಯಂಥ ಬಿಳಿ ಕೂದಲು. ಗಾಲಿಕುರ್ಚಿ ತಳ್ಳಿಕೊಂಡು ಅವರು ಒಳಗೆ ಬಂದರೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ನಾನು ಬರೆದ ಚೀಟಿಯನ್ನು ರೋಗಿಗಳು ಅವರಿಗೆ ತೋರಿಸುತ್ತಾರೆ. ಅವರು ಅದನ್ನು ಒಂದು ಕೈ ದೂರ ಹಿಡಿದು, ಕಣ್ಣು ಕಿರಿದು ಮಾಡಿ, "ಹ್ಞೂಂ, ಊಟ ಆದ್ಮೇಲೆ ತಗೊಳ್ಳಿ" ಅನ್ನುತ್ತಾರೆ. ಆಗ ಮಾತ್ರೆ ಮಾತ್ರೆಯಾಗುತ್ತದೆ. ದೂರ ಹಿಡಿಯುವುದು ಚಾಳೀಸಿನಿಂದ, ಬೇರೇನಲ್ಲ.

ಕಳೆದ ಸೋಮವಾರ ಅವರ ಮಗಳ ಮದುವೆ ಮುಗಿದು ಕೆಲಸಕ್ಕೆ ಬಂದರು. ನನಗೆ ಗುರುತೇ ಸಿಗಲಿಲ್ಲ. ತಲೆಗೆ ಕಡುಗಪ್ಪು ಬಣ್ಣ! "ಫೋಟೋಗೆ ಮೇಡಂ, ಎಲ್ರೂ ಹಾಕ್ಕೊಳ್ಳಿ ಅಂದ್ರು" ಎಂದು ನಾಚಿಕೊಂಡರು. ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದಾಗ ಮೊದಲ ರೋಗಿ ಬಾಗಿಲು ತೆರೆದರು. ನನ್ನನ್ನು ನೋಡಿದರು. ಅವರನ್ನು ನೋಡಿದರು. ಆಮೇಲೆ ಇಬ್ಬರ ನಡುವೆ ಇದ್ದ ಗೋಡೆಯನ್ನು ನೋಡಿದರು.

"ಇವತ್ತು ಡಾಕ್ಟರು ಯಾರೂ ಇಲ್ವಾ?"