ವಿದೇಶದಲ್ಲಿದ್ದುಕೊಂಡೇ ಕಚೇರಿ ಕೆಲಸ: ಉದ್ಯೋಗಿಗೆ ನಿಜಕ್ಕೂ ಲಾಭವೇ?

ವಿದೇಶಕ್ಕೆ ಹೋದ ಉದ್ಯೋಗಿ ಅಲ್ಲಿಂದಲೇ ಕೆಲವು ವಾರ ಕೆಲಸ ಮಾಡಲು ಸಂಸ್ಥೆ ನಿಯಮಬದ್ಧವಾಗಿ ಅವಕಾಶ ಕೊಟ್ಟರೆ, ಅದರ ಪ್ರಯೋಜನ ಕೊನೆಗೆ ಯಾರಿಗೆ ಸಿಗುತ್ತದೆ?

ಪರ: ರಜೆಯೂ ಉಳಿಯುತ್ತದೆ, ಸುಳ್ಳೂ ತಪ್ಪುತ್ತದೆ

ವರ್ಷಕ್ಕೆ ಇಪ್ಪತ್ತು ದಿನ ರಜೆಯಿರುವ ಉದ್ಯೋಗಿಯೊಬ್ಬರ ತಂಗಿಗೆ ಬೇರೊಂದು ದೇಶದಲ್ಲಿ ಹೆರಿಗೆಯಾಗಿದೆ ಎಂದುಕೊಳ್ಳೋಣ. ಹೋಗಿಬರುವ ಪ್ರಯಾಣಕ್ಕೇ ಮೂರು ದಿನ ಬೇಕು. ಹಗಲು ರಾತ್ರಿ ತಿರುಗುಮುರುಗಾದ ದೇಹ ಹದಕ್ಕೆ ಬರಲು ಇನ್ನೆರಡು ದಿನ. ಆಮೇಲೆ ಎರಡು ವಾರ ತಂಗಿಯ ಜೊತೆಗಿದ್ದು ಮರಳುವಷ್ಟರಲ್ಲಿ ವರ್ಷದ ರಜೆಯ ಮುಕ್ಕಾಲು ಪಾಲು ಕರಗಿರುತ್ತದೆ. ಬಾಣಂತಿಗೆ ನೆರವು ಬೇಕಾಗಿರುವುದಾದರೋ ಎರಡೇ ವಾರವಲ್ಲ. ಅದೇ ಉದ್ಯೋಗಿ ಮೊದಲ ಐದು ದಿನಕ್ಕೆ ಮಾತ್ರ ರಜೆ ಹಾಕಿ, ನಂತರದ ಐದು ವಾರ ತಂಗಿಯ ಮನೆಯ ಒಂದು ಕೋಣೆಯಿಂದಲೇ ಕೆಲಸ ಮಾಡಬಹುದಾದರೆ ಲೆಕ್ಕವೇ ಬದಲಾಗುತ್ತದೆ. ಈ ಸೌಲಭ್ಯದ ಮಾತು ಬಂದಾಗ ಕಡಲತೀರದಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತವರ ಚಿತ್ರವನ್ನೇ ತೋರಿಸುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಇದರ ನಿಜವಾದ ಅಗತ್ಯ ಇರುವುದು ಹೆರಿಗೆ, ಕಾಯಿಲೆ, ವಯಸ್ಸಾದ ತಂದೆತಾಯಿ, ದೂರದ ದೇಶದಲ್ಲಿ ಓದುತ್ತಿರುವ ಮಕ್ಕಳು ಎಂದು ಗಡಿಯ ಆಚೆಗೂ ಹರಡಿಕೊಂಡ ಸಂಸಾರಗಳಿಗೆ.

ಗಡಿಯಾರದ ವ್ಯತ್ಯಾಸವೂ ಎಲ್ಲ ಕಡೆ ಶತ್ರುವಲ್ಲ. ಕಚೇರಿಗಿಂತ ನಾಲ್ಕು ಗಂಟೆ ಮುಂದಿರುವ ಊರಿನಲ್ಲಿ, ಬೆಳಗ್ಗೆ 9ಕ್ಕೆ ಶುರುವಾಗುವ ಕಚೇರಿ ಮಧ್ಯಾಹ್ನ 1ಕ್ಕೆ ಶುರುವಾಗುತ್ತದೆ. ಅಂದರೆ ಆಸ್ಪತ್ರೆಗೆ ಕರೆದೊಯ್ಯಲು, ಮಗುವನ್ನು ನೋಡಿಕೊಳ್ಳಲು, ಅಥವಾ ಸುಮ್ಮನೆ ಊರು ಸುತ್ತಲು ಇಡೀ ಬೆಳಗ್ಗೆ ಕೈಯಲ್ಲಿರುತ್ತದೆ, ಕೆಲಸದ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ನಿಯಮ ಇಲ್ಲದಿದ್ದರೂ ಜನ ಇದನ್ನು ಮಾಡಿಯೇ ಮಾಡುತ್ತಾರೆ. ಬೆನ್ನ ಹಿಂದಿನ ಕಿಟಕಿಯಲ್ಲಿ ಹೊತ್ತಲ್ಲದ ಹೊತ್ತಿನ ಬಿಸಿಲು ಕಾಣದಂತೆ ಪರದೆ ಎಳೆದು, ಮೀಟಿಂಗ್‌ನಲ್ಲಿ ಕ್ಯಾಮೆರಾ ಕೆಟ್ಟಿದೆ ಎಂದು ಹೇಳಿ, ತಾನಿರುವ ಜಾಗ ಗೊತ್ತಾಗದಂತೆ ವಿಪಿಎನ್ ಹಾಕಿಕೊಂಡು ಕೆಲಸ ಮಾಡುವ ಉದ್ಯೋಗಿಗೆ ಅಪಘಾತವೋ ಕಾಯಿಲೆಯೋ ಬಂದರೆ ಅವರು ಎಲ್ಲಿದ್ದಾರೆಂಬುದೇ ಸಂಸ್ಥೆಗೆ ತಿಳಿದಿರುವುದಿಲ್ಲ. ಯಾವ ದೇಶಗಳಿಗೆ ಹೋಗಬಹುದು, ಎಷ್ಟು ದಿನ, ಯಾರ ಒಪ್ಪಿಗೆ ಬೇಕು, ವಿಮೆ ಯಾರದು ಎಂಬುದನ್ನು ಬರೆದಿಟ್ಟ ನಿಯಮ ಈ ಕದ್ದಾಟವನ್ನು ಕೊನೆಗಾಣಿಸುತ್ತದೆ. ಪ್ರವಾಸಿಗರಿಗೆ ಬಾಡಿಗೆ ಮನೆ ಒದಗಿಸುವ ಜಾಲತಾಣ ಏರ್‌ಬಿಎನ್‌ಬಿ ತನ್ನ ಉದ್ಯೋಗಿಗಳಿಗಾಗಿ 2022ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ನೀತಿ ಇದಕ್ಕೊಂದು ಮಾದರಿ: 170ಕ್ಕೂ ಹೆಚ್ಚು ದೇಶಗಳಲ್ಲಿ, ಒಂದೊಂದು ಸ್ಥಳದಲ್ಲಿ ವರ್ಷಕ್ಕೆ ಗರಿಷ್ಠ 90 ದಿನ ಎಂದು ಅದು ಮಿತಿ ಹಾಕಿತು, ತೆರಿಗೆ ಮತ್ತು ಸಂಬಳದ ಲೆಕ್ಕಕ್ಕೆ ಪ್ರತಿಯೊಬ್ಬರಿಗೂ ಒಂದು ಕಾಯಂ ವಿಳಾಸ ಇರಲೇಬೇಕೆಂದೂ ಹೇಳಿತು. ಸ್ವಾತಂತ್ರ್ಯವೂ ಇದೆ, ಅದರ ಬೇಲಿಯೂ ಕಣ್ಣಿಗೆ ಕಾಣುತ್ತದೆ.

ಸರ್ಕಾರಗಳೂ ಸುಮ್ಮನೆ ಕುಳಿತಿಲ್ಲ. ಬಾರ್ಬಡೋಸ್ ಮತ್ತು ಎಸ್ಟೋನಿಯಾ 2020ರಲ್ಲಿ, ಕ್ರೊಯೇಷಿಯಾ 2021ರಲ್ಲಿ ದೂರದಿಂದ ಕೆಲಸ ಮಾಡುವವರಿಗೆಂದೇ ಪ್ರತ್ಯೇಕ ಪರವಾನಗಿ ಆರಂಭಿಸಿದವು. ನ್ಯೂಜಿಲೆಂಡ್ 2025ರ ಜನವರಿಯಿಂದ, ಪ್ರವಾಸಿ ವೀಸಾದಲ್ಲಿ ಬಂದವರು ಹೊರದೇಶದ ಉದ್ಯೋಗದಾತರಿಗೆ ದೂರದಿಂದ ಕೆಲಸ ಮಾಡಬಹುದೆಂದು ನಿಯಮ ಬದಲಿಸಿತು. ಯುರೋಪಿನ ಹಲವು ದೇಶಗಳು ಸಹಿ ಹಾಕಿದ, 2023ರ ಜುಲೈ 1ರಂದು ಜಾರಿಗೆ ಬಂದ ಒಪ್ಪಂದದ ಪ್ರಕಾರ, ತಾನು ವಾಸಿಸುವ ದೇಶದಿಂದ ಅರ್ಧಕ್ಕಿಂತ ಕಡಿಮೆ ಹೊತ್ತು ಕೆಲಸ ಮಾಡುವ ಉದ್ಯೋಗಿ, ಕೋರಿಕೆ ಸಲ್ಲಿಸಿದರೆ, ಉದ್ಯೋಗದಾತರ ದೇಶದ ಸಾಮಾಜಿಕ ಭದ್ರತೆಯಲ್ಲೇ ಉಳಿಯಬಹುದು. ಕಾನೂನಿನ ತೊಡಕನ್ನು ಮುಂದೊಡ್ಡಿ ಇಡೀ ಸೌಲಭ್ಯವನ್ನೇ ತಳ್ಳಿಹಾಕುವವರು, ಆ ತೊಡಕುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿರುವುದನ್ನು ಗಮನಿಸಿದಂತಿಲ್ಲ.

ವಿರೋಧ: ಅನುಮತಿ ಸಂಸ್ಥೆಯದು, ಹೊಣೆ ಉದ್ಯೋಗಿಯದು

ಅಮೆರಿಕದ ಎಂಜಿನಿಯರ್ ಜ್ಯಾಕ್ ನಿಲ್ಸ್ 1973ರಲ್ಲಿ ‘ಟೆಲಿಕಮ್ಯೂಟಿಂಗ್’ ಎಂಬ ಪದವನ್ನು ಬಳಕೆಗೆ ತಂದಾಗ ಅವರ ತಲೆಯಲ್ಲಿದ್ದದ್ದು ನಗರದ ವಾಹನ ದಟ್ಟಣೆ. ಕೆಲಸಗಾರ ಕಚೇರಿಗೆ ಓಡಾಡುವ ಬದಲು ಮನೆಯ ಹತ್ತಿರವೇ ಕೆಲಸ ಮಾಡಲಿ ಎಂಬುದು ಅದರ ತಿರುಳು. ದೇಶದ ಗಡಿ ದಾಟುವ ಮಾತು ಅಲ್ಲಿರಲಿಲ್ಲ. ಮನೆಗೆಂದು ಹೊಲಿದ ಅಂಗಿಯನ್ನು ವಿದೇಶಕ್ಕೂ ತೊಡಿಸಹೊರಟಾಗ ಅದು ಮೊದಲು ಹರಿಯುವುದೇ ಗಡಿಯಲ್ಲಿ.

ವಿಮಾನ ನಿಲ್ದಾಣದ ವಲಸೆ ಕೌಂಟರನ್ನೇ ನೋಡಿ. ‘ಬಂದ ಉದ್ದೇಶ?’ ಎಂದು ಅಧಿಕಾರಿ ಕೇಳುತ್ತಾರೆ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲವೆಂಬುದು ಬಹುತೇಕ ದೇಶಗಳ ಸಾಮಾನ್ಯ ನಿಯಮ. ದೂರದಿಂದ ಮಾಡುವ ಕೆಲಸ ಆ ನಿಷೇಧದೊಳಗೆ ಬರುತ್ತದೆಯೇ ಎಂಬುದಕ್ಕೆ ದೇಶಕ್ಕೊಂದು ಉತ್ತರ, ಕೆಲವೆಡೆ ಉತ್ತರವೇ ಇಲ್ಲ. ‘ಪ್ರವಾಸ’ ಎಂದರೆ ಅರ್ಧಸತ್ಯ, ‘ಕೆಲಸ’ ಎಂದರೆ ಒಳಗೆ ಬಿಡದೆ ಹಿಂದಕ್ಕೆ ಕಳುಹಿಸುವ ಭಯ. ಎಚ್‌ಆರ್ ವಿಭಾಗ ಕಳುಹಿಸಿದ ಒಪ್ಪಿಗೆಯ ಇಮೇಲ್ ಆ ಕೌಂಟರಿನಲ್ಲಿ ನಡೆಯುವುದಿಲ್ಲ. ಕಂಪನಿಯ ನೀತಿ ಕಂಪನಿಯನ್ನು ಕಟ್ಟಿಹಾಕಬಹುದು, ಇನ್ನೊಂದು ದೇಶವನ್ನಲ್ಲ.

ತೆರಿಗೆಯ ವಿಷಯದಲ್ಲಿ ತಪ್ಪುಕಲ್ಪನೆ ಇನ್ನೂ ಆಳವಾಗಿದೆ. ‘183 ದಿನದವರೆಗೆ ಚಿಂತೆಯಿಲ್ಲ’ ಎಂಬ ಮಾತು ಬಾಯಿಂದ ಬಾಯಿಗೆ ಹರಿದಾಡುತ್ತದೆ. ಬಹುಪಾಲು ಮುಂದುವರಿದ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿ ರೂಪಿಸಿದ, ದೇಶಗಳು ತಮ್ಮ ನಡುವಿನ ತೆರಿಗೆ ಒಪ್ಪಂದಗಳಿಗೆ ಆಧಾರವಾಗಿಟ್ಟುಕೊಳ್ಳುವ ಮಾದರಿ ತೆರಿಗೆ ಒಪ್ಪಂದದ 15ನೇ ವಿಧಿಯಲ್ಲಿ ಈ ಸಂಖ್ಯೆ ಇರುವುದು ನಿಜ. ಆದರೆ ಅದು ಒಂಟಿಯಾಗಿ ನಿಂತಿಲ್ಲ. ಸಂಬಳ ಕೊಡುವವರು ಆ ದೇಶದ ನಿವಾಸಿಯಾಗಿರಬಾರದು, ಆ ಸಂಬಳದ ಹೊರೆಯನ್ನು ಉದ್ಯೋಗದಾತರು ಅಲ್ಲಿ ಹೊಂದಿರುವ ಕಾಯಂ ವ್ಯವಹಾರ ನೆಲೆ ಹೊತ್ತಿರಬಾರದು ಎಂಬ ಇನ್ನೆರಡು ಷರತ್ತುಗಳೂ ಒಟ್ಟಿಗೇ ಪೂರೈಕೆಯಾಗಬೇಕು. ಎರಡು ದೇಶಗಳ ನಡುವೆ ಒಪ್ಪಂದವೇ ಇಲ್ಲದಿದ್ದರೆ, ಅಲ್ಲಿಯ ಕಾನೂನಿಗೆ ಅನುಸಾರವಾಗಿ ಮೊದಲ ದಿನದ ದುಡಿಮೆಗೇ ತೆರಿಗೆ ಬೀಳಬಹುದು. ಇಷ್ಟನ್ನೆಲ್ಲ ಓದಿ ಅರ್ಥಮಾಡಿಕೊಂಡು ಟಿಕೆಟ್ ಬುಕ್ ಮಾಡುವವರು ಎಷ್ಟು ಜನ? ‘ಸ್ಥಳೀಯ ಕಾನೂನು ಪಾಲನೆ ಉದ್ಯೋಗಿಯ ಜವಾಬ್ದಾರಿ’ ಎಂಬ ಒಂದು ಸಾಲನ್ನು ನೀತಿಯ ಕೊನೆಯಲ್ಲಿ ಸೇರಿಸಿ ಸಂಸ್ಥೆ ಕೈತೊಳೆದುಕೊಂಡರೆ, ಮುಂದೊಂದು ದಿನ ಬರುವ ನೋಟಿಸು ಉದ್ಯೋಗಿಯ ವಿಳಾಸಕ್ಕೇ ಬರುತ್ತದೆ. ವಿಮೆಯ ಗತಿಯೂ ಹೀಗೆಯೇ: ಪ್ರವಾಸ ವಿಮೆ ಕೆಲಸದ ವೇಳೆಯ ಅವಘಡವನ್ನು ಒಳಗೊಳ್ಳದಿರಬಹುದು, ಉದ್ಯೋಗದ ವಿಮೆ ಗಡಿಯಲ್ಲೇ ನಿಂತುಬಿಡಬಹುದು.

ಈ ಅವಕಾಶ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದೂ ಇಲ್ಲ. ದಾದಿಯರು, ಚಾಲಕರು, ಯಂತ್ರದ ಮುಂದೆ ನಿಲ್ಲುವವರ ಮಾತು ಬಿಡಿ, ಅವರು ಈ ಚರ್ಚೆಯ ಹೊರಗೇ ಉಳಿದಿದ್ದಾರೆ. ಕಂಪ್ಯೂಟರ್ ಮುಂದೆ ಕೂರುವವರಲ್ಲೂ ಯಾವ ದೇಶದ ಪಾಸ್‌ಪೋರ್ಟ್, ಎಷ್ಟು ಸಂಬಳ ಎಂಬುದರ ಮೇಲೆಯೇ ಬಾಗಿಲು ತೆರೆಯುತ್ತದೆ. ಜಪಾನ್ 2024ರಲ್ಲಿ ಇಂಥವರಿಗಾಗಿ ಆರು ತಿಂಗಳ ವೀಸಾ ತಂದಿತು. ವಾರ್ಷಿಕ ಆದಾಯ ಕನಿಷ್ಠ 1 ಕೋಟಿ ಯೆನ್ ಇರಬೇಕು, ನಿಗದಿತ ದೇಶಗಳ ಪ್ರಜೆಯಾಗಿರಬೇಕು. ಒಂದೇ ತಂಡದ ಇಬ್ಬರಲ್ಲಿ ಹಿರಿಯ ಎಂಜಿನಿಯರ್ ಹೋಗಬಹುದು, ಪಕ್ಕದ ಕುರ್ಚಿಯ ಕಿರಿಯ ಹೋಗಲಾರ.

ಇನ್ನು ಗಡಿಯಾರ. ನಾಲ್ಕು ಗಂಟೆಯ ವ್ಯತ್ಯಾಸ ಹಿತವಾಗಿರಬಹುದು. ಎಂಟು ಗಂಟೆ ಮುಂದಿರುವ ಊರಿನಲ್ಲಿ ಅದೇ ಕಚೇರಿ ಸಂಜೆ 5ಕ್ಕೆ ಆರಂಭವಾಗಿ ನಡುರಾತ್ರಿ 2ಕ್ಕೆ ಮುಗಿಯುತ್ತದೆ. ಮನೆಯವರೆಲ್ಲ ಊಟಕ್ಕೆ ಕೂತಾಗ ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಬೆಳಗ್ಗೆ ಮಗು ಎದ್ದು ಆಡುವ ಹೊತ್ತಿಗೆ ಅವರು ನಿದ್ದೆಯಲ್ಲಿರುತ್ತಾರೆ. ನೋಡಲು ಬಂದದ್ದು ಯಾರನ್ನು? ಕೆಲಸದ ಹೊತ್ತಿನಾಚೆ ಉದ್ಯೋಗಿಯನ್ನು ಸಂಪರ್ಕಿಸದಂತೆ ಪೋರ್ಚುಗಲ್ 2021ರಲ್ಲಿ ಉದ್ಯೋಗದಾತರ ಮೇಲೆ ಕಾನೂನಿನ ನಿರ್ಬಂಧ ಹಾಕಿತು. ಆದರೆ ಕೆಲಸದ ಹೊತ್ತೇ ನಡುರಾತ್ರಿಗೆ ಜಾರಿಕೊಂಡಿರುವವರಿಗೆ ಇಂಥ ಕಾನೂನಿನಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.

ರಜೆ ಉಳಿಯುತ್ತದೆ ಎಂಬ ವಾದವನ್ನೂ ನಾನು ಪೂರ್ತಿ ನಂಬಲಾರೆ. ತಂಗಿಯ ಮನೆಗೆ ಹೋದ ಉದ್ಯೋಗಿ ಐದೇ ದಿನ ರಜೆ ಹಾಕಿ ಐದು ವಾರ ಅಲ್ಲಿಂದಲೇ ಕೆಲಸ ಮಾಡಿದ್ದನ್ನು ಮ್ಯಾನೇಜರ್ ಕೂಡ ನೋಡಿರುತ್ತಾರೆ. ಮುಂದಿನ ವರ್ಷ ತಂದೆಯ ಶಸ್ತ್ರಚಿಕಿತ್ಸೆಗೆಂದು ಅದೇ ಉದ್ಯೋಗಿ ಎರಡು ವಾರ ರಜೆ ಕೇಳಿದಾಗ ಬರುವ ಉತ್ತರ ಹೀಗಿರುತ್ತದೆ: ‘ರಜೆ ಯಾಕೆ, ಹೋದ ಸಲದ ಹಾಗೆ ಅಲ್ಲಿಂದಲೇ ಲಾಗಿನ್ ಆಗಬಹುದಲ್ಲ?’